ಕದಿರು, ಕಾಯಕ ಮತ್ತು ಕಂಪನಿಯ ನೂಲು

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಕದಿರ ರೆಮ್ಮವ್ವೆ ಎಂಬ ಶರಣೆಯಿದ್ದಳು. ನೂಲುವುದು ಅವಳ ಕಾಯಕ. ಕದಿರ ಕಾಯಕದ ಕಾಳವ್ವೆ ಎಂಬ ಇನ್ನೊಬ್ಬಳ ಹೆಸರೂ ವಚನ ಪರಂಪರೆಯಲ್ಲಿ ದೊರೆಯುತ್ತದೆ. ಇಬ್ಬರನ್ನೂ ಲೋಕವು ಗುರುತಿಸಿದ್ದು ತಂದೆಯ ಹೆಸರಿನಿಂದಲೋ ಊರಿನ ಹೆಸರಿನಿಂದಲೋ ಅಲ್ಲ, ಕೈಯಲ್ಲಿ ಹಿಡಿದ ಕದಿರಿನಿಂದ. ಅರಳೆಯನ್ನು ಹಂಜಿ ಮಾಡಿ, ರಾಟೆಗೆ ಕೊಟ್ಟು, ನೂಲಾಗಿ ಎಳೆದು, ಲಡಿ ಕಟ್ಟಿ ಮಾರುವುದು ಒಂದು ಕಾಯಕವೆಂದು, ಅದನ್ನು ಮಾಡುವವಳು ಕಾಯಕಜೀವಿಯೆಂದು ಒಪ್ಪಿಕೊಂಡ ಸಮಾಜವೊಂದು ಆಗ ಕಲ್ಯಾಣದಲ್ಲಿತ್ತು. ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಏಳು ಶತಮಾನಗಳ ತರುವಾಯ, ಇದೇ ನಾಡಿಗೆ ‘ಪ್ರಗತಿ’ ಎಂಬ ಹೊಸ ಶಬ್ದವನ್ನು ತಂದ ಆಡಳಿತವು ನೂಲುವವಳ ಕೆಲಸವನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಲೆಕ್ಕದ ಕಥೆಯೇ ಈ ಲೇಖನದ ವಸ್ತು.

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾರು ಏನು ತಯಾರಿಸುತ್ತಾರೆ ಎಂಬುದನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ನಿಯಮಿಸಿದನು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳನ್ನು ಸುತ್ತಿದ ಬುಕಾನನ್ನನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಕಂಪನಿಯ ಕಣ್ಣಿನಿಂದ ನೋಡಿದವನು, ನಿಜ. ಆದರೂ ಕಂಡದ್ದನ್ನು ಬರೆದಿಡುವ ಶ್ರದ್ಧೆ ಅವನಲ್ಲಿತ್ತು. ಬೆಂಗಳೂರಿನ ವಿಷಯ ಬರೆಯುವಾಗ ಅವನು ಒಂದು ಸಂಗತಿಯನ್ನು ದಾಖಲಿಸಿದ್ದಾನೆ: ಬ್ರಾಹ್ಮಣರನ್ನುಳಿದು ಎಲ್ಲ ಜಾತಿಗಳ ಹೆಂಗಸರೂ ವಾರದ ಸಂತೆಯಲ್ಲಿ ಅರಳೆಯನ್ನು ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ನೇಕಾರರಿಗೆ ಮಾರುತ್ತಿದ್ದರು.

ಈ ಒಂದು ವಾಕ್ಯದೊಳಗೆ ಎಷ್ಟೊಂದು ಅರ್ಥ ಅಡಗಿದೆ! ನೇಯ್ಗೆ ಆಯಾ ಕುಲದವರ ವೃತ್ತಿ; ಅದಕ್ಕೆ ಮಗ್ಗ ಬೇಕು, ಗುಂಡಿ ಬೇಕು, ತಲೆಮಾರಿನ ಕಲಿಕೆ ಬೇಕು. ನೂಲುವಿಕೆಗೆ ಅಂಥ ಕಟ್ಟಳೆಯಿರಲಿಲ್ಲ. ಒಕ್ಕಲಗಿತ್ತಿಯೂ ನೂಲಬಹುದು, ಕೂಲಿಯವಳೂ ನೂಲಬಹುದು, ಗಂಡನನ್ನು ಕಳೆದುಕೊಂಡವಳೂ ನೂಲಬಹುದು. ಒಂದು ಮಗ್ಗ ದಿನವಿಡೀ ನಡೆಯಬೇಕಾದರೆ ಒಬ್ಬಳು ನೂತ ನೂಲು ಸಾಲದು, ಹಲವು ಕೈಗಳ ನೂಲು ಬೇಕು. ಆದ್ದರಿಂದ ಬಟ್ಟೆಯ ಉದ್ಯಮದಲ್ಲಿ ನೇಯುವ ಗಂಡಸರಿಗಿಂತ ನೂಲುವ ಹೆಂಗಸರ ಸಂಖ್ಯೆಯೇ ದೊಡ್ಡದು. ಹೊಲದ ಕೆಲಸ ಮುಗಿದ ಸುಗ್ಗಿಯಾಚೆಯ ತಿಂಗಳುಗಳಲ್ಲಿ, ಅಡುಗೆ ಮುಗಿದ ಮಧ್ಯಾಹ್ನಗಳಲ್ಲಿ, ಮಗು ಮಲಗಿದ ರಾತ್ರಿಗಳಲ್ಲಿ ಈ ಕಾಯಕ ನಡೆಯುತ್ತಿತ್ತು. ಸಂತೆಯಲ್ಲಿ ತಾನೇ ಕೊಂಡು ತಾನೇ ಮಾರುವವಳ ಕೈಗೆ ಬಂದ ಕಾಸು ಮೊದಲು ಅವಳ ಕೈಗೇ ಬರುತ್ತಿತ್ತು. ಆ ಕಾಲವೇನೂ ಸ್ತ್ರೀಯರಿಗೆ ಸ್ವರ್ಗವಾಗಿರಲಿಲ್ಲ. ಬಾಲ್ಯವಿವಾಹ, ವಿಧವೆಯ ಮೇಲಿನ ನಿರ್ಬಂಧ, ಆಸ್ತಿಯ ಹಕ್ಕಿಲ್ಲದ ಬಾಳು ಎಲ್ಲವೂ ಇದ್ದವು. ಅವುಗಳ ನಡುವೆ ಕದಿರು ಒಂದು ಆಸರೆಯಾಗಿತ್ತು ಎಂದಷ್ಟೇ ಹೇಳಬೇಕು.

ಇತ್ತ ಲಂಡನ್ನಿನಲ್ಲಿ ಜೇಮ್ಸ್ ಮಿಲ್ ಎಂಬ ಪಂಡಿತನು ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಬರೆಯುತ್ತಿದ್ದನು. ಅದು 1817ರಲ್ಲಿ ಹೊರಬಂದಿತು. ಈತನು ಭಾರತಕ್ಕೆ ಒಮ್ಮೆಯೂ ಬಂದವನಲ್ಲ, ಇಲ್ಲಿಯ ಯಾವ ಭಾಷೆಯನ್ನೂ ಕಲಿತವನಲ್ಲ. ಆದರೂ ಅವನ ಗ್ರಂಥ ಕಂಪನಿಯ ಅಧಿಕಾರಿಗಳಿಗೆ ಪಠ್ಯವೇ ಆಯಿತು. ಒಂದು ಜನಾಂಗ ನಾಗರಿಕತೆಯ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಅಲ್ಲಿಯ ಸ್ತ್ರೀಯರ ಸ್ಥಿತಿಯಿಂದ ಅಳೆಯಬಹುದೆಂಬುದು ಅವನ ಸಿದ್ಧಾಂತ. ಆ ಅಳತೆಗೋಲಿನಿಂದ ಹಿಂದೂ ಸಮಾಜವನ್ನು ತೀರ ಕೆಳಗಿನ ಮೆಟ್ಟಿಲಿಗೆ ತಳ್ಳಿದನು. ಅಳತೆಗೋಲು ತಪ್ಪೆಂದು ಸಾರಾಸಗಟಾಗಿ ಹೇಳಲಾಗದು; ಸ್ತ್ರೀಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಯಾವ ಸಮಾಜಕ್ಕೂ ಒರೆಗಲ್ಲೇ. ಆದರೆ ಮಿಲ್ ಅಳೆದದ್ದು ಶಾಸ್ತ್ರಗ್ರಂಥಗಳ ಅನುವಾದಗಳನ್ನು ಮತ್ತು ಪ್ರವಾಸಿಗರ ವರದಿಗಳನ್ನು. ಸಂತೆಯಲ್ಲಿ ನೂಲಿನ ಲಡಿ ಹಿಡಿದು ಕುಳಿತ ಹೆಂಗಸು ಅವನ ಅಳತೆಯೊಳಗೆ ಬರಲೇ ಇಲ್ಲ. ಹೀಗೆ ಆಳುವವರ ಮನಸ್ಸಿನಲ್ಲಿ ಒಂದು ಚಿತ್ರ ನಿಂತಿತು: ಭಾರತದ ಸ್ತ್ರೀ ಎಂದರೆ ಪದ್ಧತಿಗಳಿಂದ ನರಳುವವಳು, ಉದ್ಧರಿಸಲ್ಪಡಬೇಕಾದವಳು. ಅವಳು ದುಡಿಯುವವಳೂ ಹೌದು, ತನ್ನ ದುಡಿಮೆಗೆ ಬೆಲೆ ಕೇಳುವವಳೂ ಹೌದು ಎಂಬ ಅರಿವಿಗೆ ಆ ಚಿತ್ರದಲ್ಲಿ ಜಾಗವಿರಲಿಲ್ಲ.

ಅವಳ ದನಿಯನ್ನೇ ಕೇಳಿಸುವ ಪತ್ರವೊಂದು ಬಂಗಾಳದಿಂದ ದೊರೆತಿದೆ. 1828ರಲ್ಲಿ ‘ಸಮಾಚಾರ ದರ್ಪಣ’ ಎಂಬ ಬಂಗಾಳಿ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನೂರು ವರ್ಷಗಳಾಚೆ, 1931ರಲ್ಲಿ, ಗಾಂಧೀಜಿ ಅದನ್ನು ತಮ್ಮ ‘ಯಂಗ್ ಇಂಡಿಯಾ’ದಲ್ಲಿ ಮರಳಿ ಅಚ್ಚು ಮಾಡಿಸಿದರು. ಬರೆದವಳು ತನ್ನನ್ನು ನೂಲುವವಳೆಂದು ಮಾತ್ರ ಕರೆದುಕೊಂಡಿದ್ದಾಳೆ. ಇಪ್ಪತ್ತೆರಡರ ಹರೆಯದಲ್ಲಿ ವಿಧವೆಯಾದವಳು. ಮೂವರು ಹೆಣ್ಣುಮಕ್ಕಳು, ಜೊತೆಗೆ ಅತ್ತೆ ಮಾವ. ಗಂಡನ ಶ್ರಾದ್ಧಕ್ಕೆಂದು ಮೈಮೇಲಿನ ಒಡವೆ ಮಾರಿದ ಮೇಲೆ ಮನೆಯಲ್ಲಿ ಏನೂ ಉಳಿಯಲಿಲ್ಲ. ಆಗ ತಕಲಿ ಮತ್ತು ರಾಟೆ ಹಿಡಿದಳು. ನೇಕಾರರು ಮನೆಯ ಬಾಗಿಲಿಗೇ ಬಂದು ನೂಲನ್ನು ಕೊಂಡೊಯ್ಯುತ್ತಿದ್ದರು. ಮಾವ ತೀರಿಕೊಂಡಾಗ ಉತ್ತರಕ್ರಿಯೆಗೆ ಬೇಕಾದ ಹಣವನ್ನು ಅದೇ ನೇಕಾರರು ಸಾಲವಾಗಿ ಕೊಟ್ಟರು. ಅದನ್ನು ಅವಳು ನೂತೇ ತೀರಿಸಿದಳು. ನೂತ ಹಣದಿಂದಲೇ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದಳು.

ವಿಧವೆಯೊಬ್ಬಳಿಗೆ ನೇಕಾರರು ಸಾಲ ಕೊಟ್ಟರೆಂಬ ಸಂಗತಿಯ ಮೇಲೆ ಕೊಂಚ ನಿಲ್ಲಬೇಕು. ಅವಳ ಬಳಿ ಹೊಲವಿರಲಿಲ್ಲ, ಒಡವೆಯಿರಲಿಲ್ಲ, ಜಾಮೀನು ನಿಲ್ಲಲು ಗಂಡಸಿರಲಿಲ್ಲ. ಅವಳ ಕೈಯ ಕುಶಲತೆಯೇ ಜಾಮೀನು.

ಆ ಬಳಿಕ ವಿಲಾಯತಿ ನೂಲು ಬಂದಿತು. ಮೂರು ವರ್ಷಗಳಿಂದ ನೇಕಾರರು ಬಾಗಿಲಿಗೆ ಬರುತ್ತಿಲ್ಲ. ಪೇಟೆಗೆ ಕಳಿಸಿದರೂ ಹಳೆಯ ಬೆಲೆಯ ಕಾಲುಪಾಲಿಗೂ ಹೋಗುತ್ತಿಲ್ಲ. ಅತ್ತೆ ಸೊಸೆ ಇಬ್ಬರಿಗೂ ಅನ್ನಕ್ಕೆ ತತ್ವಾರವಾಗಿದೆ. ತನ್ನ ನೂಲನ್ನು ಮೀರಿಸುವ ನೂಲಿಲ್ಲವೆಂಬ ಹೆಮ್ಮೆಯಿದ್ದ ಆಕೆ ಆ ಪರದೇಶದ ನೂಲನ್ನು ತರಿಸಿ ನೋಡಿದಳು. ಅದು ಚೆನ್ನಾಗಿಯೇ ಇತ್ತು, ಬೆಲೆಯಂತೂ ನಂಬಲಾಗದಷ್ಟು ಅಗ್ಗ. ಅವಳು ಮಾಡಿಕೊಂಡ ಊಹೆ ಓದುವವರ ಎದೆಯನ್ನು ಕಲಕುತ್ತದೆ: ವಿಲಾಯತಿಯವರೆಲ್ಲ ಶ್ರೀಮಂತರೆಂದು ತಿಳಿದಿದ್ದೆ, ಇಷ್ಟು ಅಗ್ಗಕ್ಕೆ ನೂತು ಕಳಿಸಬೇಕಾದರೆ ಅಲ್ಲಿ ನನಗಿಂತಲೂ ದೀನರಾದ ಹೆಂಗಸರಿರಬೇಕು, ಎಂದು ಆಕೆ ಹಣೆ ಚಚ್ಚಿಕೊಂಡಳು. ಯಂತ್ರದ ಸುದ್ದಿ ಅವಳಿಗೆ ತಿಳಿದಿರಲಿಲ್ಲ. ನೂಲೆಂದರೆ ಹೆಂಗಸಿನ ಕೈಯದೇ ಎಂದು ತಿಳಿದಿದ್ದಳು. ಹಾಗೆ ನೋಡಿದರೆ ಅವಳ ಊಹೆ ಪೂರ್ತಿ ಸುಳ್ಳೂ ಅಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆಯಲ್ಲಿ ಕುಳಿತು ನೂಲುತ್ತಿದ್ದ ಹೆಂಗಸರೂ ಇದೇ ಯಂತ್ರಗಳಿಂದ, ಇವಳಿಗಿಂತ ಮುಂಚೆಯೇ, ಕೆಲಸ ಕಳೆದುಕೊಂಡಿದ್ದರು. ಲ್ಯಾಂಕಶೈರಿನ ಗಿರಣಿಗಳಲ್ಲಿ ಹೆಂಗಸರೂ ಮಕ್ಕಳೂ ದೀರ್ಘ ಹೊತ್ತು ದುಡಿಯುತ್ತಿದ್ದರು. ಭೇದವೆಂದರೆ, ಆ ಗಿರಣಿಗಳ ಲಾಭ ಆ ದೇಶದಲ್ಲಿಯೇ ಉಳಿಯಿತು, ಬೇರೆ ಕೆಲಸಗಳನ್ನು ಹುಟ್ಟಿಸಿತು. ಇಲ್ಲಿ ಕಳೆದುಹೋದದ್ದಕ್ಕೆ ಬದಲಿ ಬರಲಿಲ್ಲ. ಇಂಗ್ಲೆಂಡಿನ ಸರಕಿಗೆ ಇಲ್ಲಿ ತೀರ ಕಡಿಮೆ ಸುಂಕ, ಇಲ್ಲಿಯ ಬಟ್ಟೆಗೆ ಅಲ್ಲಿ ಭಾರೀ ಸುಂಕ ಎಂಬ ನೀತಿಯನ್ನು ಬದಲಿಸಲು ಆಳಿಸಿಕೊಳ್ಳುವವರಿಗೆ ಅಧಿಕಾರವಿರಲಿಲ್ಲ.

ಪತ್ರ ಪ್ರಕಟವಾದದ್ದು 1828ರಲ್ಲಿ. ಮರುವರ್ಷವೇ, 1829ರಲ್ಲಿ, ಬೆಂಟಿಂಕನು ಸತಿ ಪದ್ಧತಿಯನ್ನು ನಿಷೇಧಿಸಿದನು. ಅದು ಆಗಲೇಬೇಕಾಗಿದ್ದ ಕಾರ್ಯ. ಅದಕ್ಕಾಗಿ ಹೋರಾಡಿದ ರಾಮಮೋಹನ ರಾಯರಿಗೆ ನಾಡು ಋಣಿ. ಆದರೆ ಎರಡು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಆಡಳಿತದ ಎರಡು ಮುಖಗಳೂ ಕಾಣುತ್ತವೆ. ವಿಧವೆಯು ಬದುಕಬೇಕೇ ಎಂಬ ಪ್ರಶ್ನೆ ಕಲ್ಕತ್ತೆಯಿಂದ ಲಂಡನ್ನಿನವರೆಗೆ ಚರ್ಚೆಯಾಯಿತು. ಬದುಕಿದ ವಿಧವೆ ಏನನ್ನು ಉಣ್ಣಬೇಕು ಎಂಬ ಪ್ರಶ್ನೆ ಪತ್ರಿಕೆಯ ಒಂದು ಮೂಲೆಯಲ್ಲಿ ಉಳಿಯಿತು.

ಕನ್ನಡ ನಾಡಿನ ಉತ್ತರ ಭಾಗದ ಕಥೆ ಇನ್ನಷ್ಟು ವಿಶೇಷವಾದುದು. ಪೇಶ್ವೆಯ ಪತನದೊಡನೆ 1818ರಲ್ಲಿ ಧಾರವಾಡ ಸೀಮೆ ಕಂಪನಿಗೆ ಸೇರಿತು. ಇಲ್ಲಿಯ ಎರೆಭೂಮಿ ಹತ್ತಿಗೆ ಹೇಳಿ ಮಾಡಿಸಿದ್ದು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾದದ್ದು ಉದ್ದ ಎಳೆಯ ಅಮೆರಿಕದ ಹತ್ತಿ. ಆದಕಾರಣ 1840ರ ದಶಕದಲ್ಲಿ ಕಂಪನಿಯು ಅಮೆರಿಕದಿಂದ ತೋಟಗಾರರನ್ನೇ ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ಭಾರತದ ಬೇರೆ ಬೇರೆ ಕಡೆ ಈ ಪ್ರಯೋಗ ಸೋತರೂ ಇಲ್ಲಿ ನಿಂತಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದಲೇ ಅದು ಪೇಟೆಯಲ್ಲಿ ಪ್ರಸಿದ್ಧವಾಯಿತು. ನಮ್ಮ ಹಳೆಯ ತಳಿಗೂ ಪೇಟೆಯವರು ಇಟ್ಟ ಹೆಸರು ‘ಕುಮಟಾ’. ಕುಮಟೆಯಲ್ಲಿ ಬೆಳೆದುದಕ್ಕಲ್ಲ, ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದಕ್ಕೆ! ಬೆಳೆದ ಊರನ್ನು ಬಿಟ್ಟು ಸಾಗಿಸಿದ ಬಂದರಿನಿಂದ ಹತ್ತಿಗೆ ಹೆಸರು ಬರುವುದರಲ್ಲಿಯೇ ಆ ಕಾಲದ ದೃಷ್ಟಿ ತಿಳಿಯುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿಯ ಬೆಲೆ ಗಗನಕ್ಕೇರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರಾಗಿಸುವ ಆಸೆಯಿತ್ತು. 1863ರಲ್ಲಿ ಹತ್ತಿಯ ಕಲಬೆರಕೆ ತಡೆಯುವ ಕಾನೂನು ಬಂದಿತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಸಾಲ ಮಾಡಿದ ರೈತ ಸಾಲದಲ್ಲಿಯೇ ಉಳಿದ.

ಇಲ್ಲಿ ಹೆಂಗಸರ ಪಾಲೇನು? ಹಳೆಯ ತಳಿಯ ಹತ್ತಿಯಿಂದ ಕಾಳು ಬಿಡಿಸುವುದು ಧಾರವಾಡ ಸೀಮೆಯಲ್ಲಿ ಹೆಂಗಸರ ಕೆಲಸವಾಗಿತ್ತು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು, ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ ಕಾಳನ್ನು ಹೊರದೂಡುತ್ತಿದ್ದರು. ಮೈಮುರಿಯುವ ಕೆಲಸ, ಆದರೂ ಕೂಲಿ ತರುತ್ತಿದ್ದ ಕೆಲಸ. ಅಮೆರಿಕದ ತಳಿಯ ಕಾಳು ಅರಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಪಾದದ ಸಲಾಕೆಗೆ ಅದು ಬಗ್ಗದು. ಅದಕ್ಕೆ ಗರಗಸದ ಹಲ್ಲುಗಳ ಯಂತ್ರ ಬೇಕು. ಸರಕಾರವು ಧಾರವಾಡದಲ್ಲಿ ಅಂಥ ಯಂತ್ರಗಳ ಕಾರ್ಖಾನೆಯನ್ನೇ ತೆರೆಯಿತು. ಬೀಜ ಬದಲಾದೊಡನೆ ಕಾಳು ಬಿಡಿಸುವ ಕೆಲಸ ಯಂತ್ರಕ್ಕೆ ಹೋಯಿತು, ಯಂತ್ರದೊಡನೆ ಅದನ್ನು ನಡೆಸುವವರು ಬದಲಾದರು. ನೂಲುವ ಕೆಲಸವನ್ನು ಪರದೇಶದ ನೂಲು ಕಸಿದಿತ್ತು; ಕಾಳು ಬಿಡಿಸುವ ಕೆಲಸಕ್ಕೂ ಹೀಗೆ ಕತ್ತರಿ ಬಿದ್ದಿತು. ಹತ್ತಿ ಬಿಡಿಸಲು, ಕಳೆ ಕೀಳಲು ಮಾತ್ರ ಅವರ ಕೈಗಳು ಬೇಕಾದವು. ಕಾಯಕವಿದ್ದವಳು ಕೂಲಿಯವಳಾದಳು.

1858ರ ಬಳಿಕ ಬ್ರಿಟಿಷ್ ಸಂಸತ್ತಿಗೆ ಪ್ರತಿವರ್ಷ ಒಂದು ವರದಿ ಸಲ್ಲಬೇಕೆಂದು ಗೊತ್ತಾಯಿತು. ಭಾರತದ ‘ನೈತಿಕ ಮತ್ತು ಭೌತಿಕ ಪ್ರಗತಿ’ಯ ವರದಿ ಎಂದು ಅದರ ಹೆಸರು. ರೈಲುದಾರಿ ಎಷ್ಟು ಮೈಲಿ, ಹತ್ತಿ ಎಷ್ಟು ಹೊರಗೆ ಹೋಯಿತು, ಕಂದಾಯ ಎಷ್ಟು ಬಂದಿತು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಧಾರವಾಡದ ಹತ್ತಿಯ ಲೆಕ್ಕ ಆ ಪ್ರಗತಿಯೊಳಗೆ ಸೇರಿತು. ನಿಂತುಹೋದ ರಾಟೆಗಳನ್ನು ಎಣಿಸಲು ಅಲ್ಲಿ ಕಾಲಮು ಇರಲಿಲ್ಲ. 1901ರ ಜನಗಣತಿಯಲ್ಲಿ ಜನರನ್ನು ದುಡಿಯುವವರು, ಅವಲಂಬಿತರು ಎಂದು ಬೇರ್ಪಡಿಸಲಾಯಿತು. ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವ, ಹಾಸು ಮಾಡಲು ಕೈಗೂಡಿಸುವ, ನೂಲಿಗೆ ಗಂಜಿ ಹಾಕುವ ಹೆಂಡತಿ ಮಗಳು ಎಲ್ಲಿ ಸೇರಬೇಕು? ಗಣತಿದಾರನು ಕೇಳುತ್ತಿದ್ದುದು ಸಾಮಾನ್ಯವಾಗಿ ಮನೆಯ ಯಜಮಾನನನ್ನು. ಅವನು ಕೊಟ್ಟ ಉತ್ತರವೇ ಗ್ರಂಥಸ್ಥವಾಯಿತು.

ಇತಿಹಾಸಕಾರರ ವಾದವಿವಾದದಲ್ಲಿಯೂ ಇದೇ ಕುರುಡು ಬಹುಕಾಲ ಮುಂದುವರಿಯಿತು. ಬ್ರಿಟಿಷ್ ಆಳ್ವಿಕೆಯಲ್ಲಿ ಕೈಮಗ್ಗ ಸತ್ತಿತೇ ಬದುಕಿತೇ ಎಂಬುದು ಅಲ್ಲಿಯ ದೊಡ್ಡ ಪ್ರಶ್ನೆ. ತೀರ್ಥಂಕರ ರಾಯ್ ಅವರಂಥ ವಿದ್ವಾಂಸರು ಕೈಮಗ್ಗ ಸಾಯಲಿಲ್ಲ, ಅಗ್ಗದ ಗಿರಣಿ ನೂಲನ್ನು ಬಳಸಿ ತನ್ನನ್ನು ಉಳಿಸಿಕೊಂಡಿತು ಎನ್ನುತ್ತಾರೆ. ನಮ್ಮ ಇಳಕಲ್ಲು, ಗುಳೇದಗುಡ್ಡ, ಗದಗ-ಬೆಟಗೇರಿ, ರಬಕವಿಗಳನ್ನು ನೋಡಿದರೆ ಆ ಮಾತಿನಲ್ಲಿ ಸತ್ಯವಿದೆ. ಇಳಕಲ್ಲ ಸೀರೆಯೂ ಗುಳೇದಗುಡ್ಡದ ಖಣವೂ ಬಾಳಿ ಬಂದಿವೆ. ಆದರೆ ಯಾವ ಅಗ್ಗದ ನೂಲು ನೇಕಾರನನ್ನು ಉಳಿಸಿತೋ ಅದೇ ನೂಲು ಅವನ ನೆರೆಮನೆಯ ನೂಲುವವಳನ್ನು ಮುಗಿಸಿತು. 1970ರ ದಶಕದಲ್ಲಿ ಅಮಿಯ ಕುಮಾರ ಬಾಗ್ಚಿ ಅವರು ಬುಕಾನನ್ನನೇ ಮುಂದೆ ಬಿಹಾರದಲ್ಲಿ ಮಾಡಿದ ಸಮೀಕ್ಷೆಯ ಅಂಕಿಗಳನ್ನು 1901ರ ಗಣತಿಗೆ ಹೋಲಿಸಿ, ಕೈಗಾರಿಕೆಯನ್ನು ನೆಚ್ಚಿದವರ ಪ್ರಮಾಣ ಎಷ್ಟು ಕುಸಿಯಿತೆಂದು ತೋರಿಸಿದರು. ಅದಕ್ಕೆ ಬಂದ ಆಕ್ಷೇಪಗಳಲ್ಲೊಂದು ಕುತೂಹಲಕರ: ನೂಲುತ್ತಿದ್ದವರು ಬಿಡುವಿನ ವೇಳೆಯಲ್ಲಿ ನೂಲುತ್ತಿದ್ದ ಹೆಂಗಸರು, ಅವರನ್ನು ಪೂರ್ಣ ಕೆಲಸಗಾರರೆಂದು ಎಣಿಸುವುದು ಎಷ್ಟು ಸರಿ? ಲೆಕ್ಕಶಾಸ್ತ್ರದ ದೃಷ್ಟಿಯಿಂದ ಪ್ರಶ್ನೆ ನ್ಯಾಯವೇ ಇರಬಹುದು. ಆದರೆ ಬಡವರ ಮನೆಯಲ್ಲಿ ಬಿಡುವಿನ ವೇಳೆಯ ಗಳಿಕೆಯೇ ಬರಗಾಲಕ್ಕೂ ಉಪವಾಸಕ್ಕೂ ನಡುವಿನ ಗೋಡೆ. 1876-78ರ ಭೀಕರ ಕ್ಷಾಮ ಈ ಸೀಮೆಗೆ ಎರಗಿದಾಗ ಆ ಗೋಡೆ ಬಹುಪಾಲು ಬಿದ್ದುಹೋಗಿತ್ತು.

ಗಿರಣಿಗಳು ನಮ್ಮಲ್ಲಿಯೂ ಬಂದವು. 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ಎದ್ದಿತು, ಹುಬ್ಬಳ್ಳಿಗೆ ರೈಲು ಬಂದಿತು. ಮುಂಬಯಿಯ ಗಿರಣಿಗಳಲ್ಲಿ ನೂಲುವ ಯಂತ್ರಗಳ ಮುಂದೆ ಹೆಚ್ಚಾಗಿ ನಿಂತವರು ಗಂಡಸರು. ಹೆಂಗಸರಿಗೆ ದೊರೆತದ್ದು ಮುಖ್ಯವಾಗಿ ನೂಲು ಸುತ್ತುವ, ಲಡಿ ಮಾಡುವ ವಿಭಾಗ. ಸಾವಿರಾರು ವರ್ಷ ಹೆಂಗಸಿನದಾಗಿದ್ದ ಕೆಲಸ ಯಂತ್ರವೇರಿದೊಡನೆ ಗಂಡಸಿನದಾಯಿತು. ಸಂಪಾದಿಸುವವನು ಗಂಡಸು, ಮನೆ ನೋಡುವವಳು ಹೆಂಗಸು ಎಂಬುದು ಅನಾದಿಯಿಂದ ಬಂದ ನಮ್ಮ ಸಂಪ್ರದಾಯವೆಂದು ಇಂದಿಗೂ ಹಲವರು ನಂಬಿದ್ದಾರೆ. ಆಯ್ದಕ್ಕಿ ಲಕ್ಕಮ್ಮನ, ಕದಿರ ರೆಮ್ಮವ್ವೆಯ ನಾಡಿನಲ್ಲಿ ಈ ನಂಬಿಕೆ ಬೇರೂರಿದ್ದು ಸೋಜಿಗವೇ ಸರಿ. ಅದರಲ್ಲಿ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಮಧ್ಯಮವರ್ಗದ ಮನೆಯ ಆದರ್ಶವೂ ಬೆರೆತಿದೆ.

ಗಾಂಧೀಜಿ ರಾಟೆಯನ್ನು ಮರಳಿ ಎತ್ತಿದರು. 1924ರ ಬೆಳಗಾವಿ ಅಧಿವೇಶನದ ಅಧ್ಯಕ್ಷರಾಗಿದ್ದಾಗ, ತಿಂಗಳಿಗೆ ಎರಡು ಸಾವಿರ ಗಜ ನೂಲನ್ನು ಕೊಡುವುದೇ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ಅರ್ಹತೆಯೆಂಬ ನಿಯಮ ಅಲ್ಲಿ ಒಪ್ಪಿತವಾಯಿತು. ವಕೀಲರೂ ಜಮೀನುದಾರರೂ ಹೆಂಗಸರ ಕೆಲಸಕ್ಕೆ ಕುಳಿತರು. ಅದು ಸಣ್ಣ ಮಾತಲ್ಲ. ಆದರೆ ಕೂಲಿಗಾಗಿ ನೂಲುವವಳಿಗೆ ದೊರೆಯುತ್ತಿದ್ದುದು ಬಹಳ ಅಲ್ಪ. ಬೆಲೆ ಹೆಚ್ಚಿದರೆ ಖಾದಿ ಮಾರಾಟವಾಗದು ಎಂಬ ವಾದ ಆಗಲೂ ಇತ್ತು. 1935ರಲ್ಲಿ ಗಾಂಧೀಜಿಯವರೇ ಈ ಪ್ರಶ್ನೆಯನ್ನೆತ್ತಿ, ಎಂಟು ಗಂಟೆಯ ನೂಲುವಿಕೆಗೆ ಎಂಟಾಣೆ ಸಿಗಬೇಕೆಂಬ ಆದರ್ಶವನ್ನು ಮುಂದಿಟ್ಟರು. ಚರಕಾ ಸಂಘ ಕನಿಷ್ಠ ಕೂಲಿಯ ತತ್ತ್ವವನ್ನೇನೋ ಒಪ್ಪಿತು, ಎಂಟಾಣೆಯನ್ನು ಮುಟ್ಟಲಾಗಲಿಲ್ಲ.

ಸ್ವತಂತ್ರ ಭಾರತದ ಯೋಜನೆಗಳಿಗೆ ಮುನ್ನವೇ, 1939ರಲ್ಲಿ, ರಾಷ್ಟ್ರೀಯ ಯೋಜನಾ ಸಮಿತಿಯು ರಾಣಿ ಲಕ್ಷ್ಮೀಬಾಯಿ ರಾಜವಾಡೆಯವರ ಅಧ್ಯಕ್ಷತೆಯಲ್ಲಿ ಸ್ತ್ರೀಯರ ಪಾತ್ರವನ್ನು ಕುರಿತು ಉಪಸಮಿತಿಯೊಂದನ್ನು ರಚಿಸಿತ್ತು. ಮನೆಯೊಳಗಿನ ದುಡಿಮೆಗೂ ಆರ್ಥಿಕ ಮೌಲ್ಯವಿದೆಯೆಂದು ಅದು ಹೇಳಿತು. ಬಳಿಕ ಬಂದ ಸಮುದಾಯ ಅಭಿವೃದ್ಧಿ ಯೋಜನೆಗಳಲ್ಲಿ ಗಂಡಸಿಗೆ ಬೀಜ, ಗೊಬ್ಬರ, ಸಾಲದ ತಿಳಿವಳಿಕೆ. ಹೆಂಗಸಿಗೆ ಹೊಲಿಗೆ, ಅಡುಗೆ, ಶಿಶುಪಾಲನೆಯ ಪಾಠ. ಡೆನ್ಮಾರ್ಕಿನ ಎಸ್ಟರ್ ಬೋಸರಪ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದು ಭಾರತದ ಕಥೆ ಮಾತ್ರವಲ್ಲವೆಂದು ತೋರಿಸಿದರು. ಆಫ್ರಿಕದಲ್ಲಿ ಬೇಸಾಯ ಮಾಡುತ್ತಿದ್ದವರು ಬಹುಪಾಲು ಹೆಂಗಸರು. ಐರೋಪ್ಯ ಅಧಿಕಾರಿಗಳು ಹೊಸ ಬೆಳೆ, ಹೊಸ ಉಪಕರಣಗಳನ್ನು ಗಂಡಸರಿಗೇ ಕಲಿಸಿದರು. ಕೀನ್ಯದಲ್ಲಿ 1954ರ ಸ್ವಿನರ್ಟನ್ ಯೋಜನೆಯನ್ವಯ ಜಮೀನಿನ ಹಕ್ಕುಪತ್ರಗಳು ಬಹುಮಟ್ಟಿಗೆ ಮನೆಯ ಗಂಡಸಿನ ಹೆಸರಿಗೆ ಬಂದವು. ಉಳುಮೆ ಹೆಂಗಸಿನದೇ ಆಗಿ ಉಳಿಯಿತು.

ಕರ್ನಾಟಕದಲ್ಲಿ ನೂಲುವಿಕೆ ಅಲ್ಲಲ್ಲಿ ಉಸಿರು ಹಿಡಿದಿದೆ. ಧಾರವಾಡದ ಬಳಿಯ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆ ಪಡೆದು ರಾಷ್ಟ್ರಧ್ವಜವನ್ನು ತಯಾರಿಸುತ್ತ ಬಂದಿದೆ. ನೂಲುವವರಲ್ಲಿ, ನೇಯುವವರಲ್ಲಿ, ಹೊಲಿಯುವವರಲ್ಲಿ ಬಹುಪಾಲು ಹೆಂಗಸರು. ಎಳೆಯ ದಪ್ಪ, ನೇಯ್ಗೆಯ ಒತ್ತು, ಬಣ್ಣದ ಗಟ್ಟಿತನ, ಹೊಲಿಗೆಯ ಅಂತರ ಎಲ್ಲಕ್ಕೂ ಅಲ್ಲಿ ಪರೀಕ್ಷೆಯಿದೆ. ಕೆಂಪುಕೋಟೆಯ ಮೇಲೆ ಹಾರುವ ಬಟ್ಟೆಗೆ ಎಷ್ಟು ಪರೀಕ್ಷೆಗಳು ನಡೆದರೂ, ಅದನ್ನು ನೂತವಳ ದಿನಗೂಲಿ ಪೇಟೆಯ ಇತರ ಕೂಲಿಗಳಿಗಿಂತ ಹಿಂದೆಯೇ ಉಳಿದಿದೆ. ಎಳೆಯ ಹುಡುಗಿಯರು ಈ ಕೆಲಸಕ್ಕೆ ಬರಲು ಹಿಂಜರಿಯುವುದು ಅದಕ್ಕೇ.

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಾದ ಪಾಲಿಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿ ದೊರೆಯಿತು. ಸ್ವಾತಂತ್ರ್ಯದ ಎಪ್ಪತ್ತೈದನೆಯ ವರ್ಷದಲ್ಲಿ ಮನೆಮನೆಗೂ ಧ್ವಜ ತಲುಪಬೇಕು, ಬೆಲೆ ಅಗ್ಗವಾಗಿರಬೇಕು ಎಂಬುದು ಅದರ ಹಿಂದಿನ ಕಾರಣ. ಬೆಂಗೇರಿಯ ಸಂಘವು ಅದನ್ನು ವಿರೋಧಿಸಿತು. 2022ರ ಆಗಸ್ಟಿನಲ್ಲಿ ದೇಶದ ತುಂಬ ಕೋಟಿಗಟ್ಟಲೆ ಧ್ವಜಗಳು ಹಾರಿದವು. ಬಹುಪಾಲು ಧ್ವಜಗಳಲ್ಲಿ ಕದಿರಿನ ಎಳೆಯಿರಲಿಲ್ಲ.